ಸಂಬಳ ತಿಂಗಳಿಗೆ, ಖರ್ಚು ವರ್ಷಕ್ಕೆ

ಕ್ರೆಡಿಟ್ ಕಾರ್ಡ್ ಸಾಲದಲ್ಲಿ ಸಿಕ್ಕಿಕೊಂಡ ಎಳೆಯ ಸಂಸಾರಕ್ಕೆ ಎಲ್ಲ ಕಡೆಯಿಂದಲೂ ಸಿಗುವ ಬುದ್ಧಿಮಾತು ಹೆಚ್ಚುಕಡಿಮೆ ಒಂದೇ: ಹೊರಗೆ ತಿನ್ನುವುದು ಬಿಡಿ, ಆನ್‌ಲೈನ್ ಖರೀದಿ ನಿಲ್ಲಿಸಿ, ಹಾಸಿಗೆ ಇದ್ದಷ್ಟು ಕಾಲು ಚಾಚಿ. ಈ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಬಾಡಿಗೆ ಮನೆ, ಶಾಲೆಗೆ ಹೋಗುವ ಒಂದು ಮಗು, ಊರಿನಲ್ಲಿ ವಯಸ್ಸಾದ ತಂದೆ-ತಾಯಿ ಇರುವ ಸಂಸಾರವೊಂದರ ಲೆಕ್ಕವನ್ನು ಒಂದು ತಿಂಗಳಿಗೆ ಬದಲಾಗಿ ಇಡೀ ವರ್ಷಕ್ಕೆ ಹರಡಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಸಂಬಳ ತಿಂಗಳಿಗೊಮ್ಮೆ ಬರುತ್ತದೆ. ಶಾಲೆಯ ಶುಲ್ಕ, ವಿಮೆಯ ಕಂತು, ಹಬ್ಬ, ಮದುವೆ-ಮುಂಜಿ, ಗಾಡಿಯ ರಿಪೇರಿ ಇವೆಲ್ಲ ವರ್ಷಕ್ಕೊಮ್ಮೆಯೋ ಎರಡು ಸಲವೋ ದೊಡ್ಡ ಮೊತ್ತವಾಗಿ ಬಂದೆರಗುತ್ತವೆ. ತಿಂಗಳ ಲೆಕ್ಕದಲ್ಲಿ ಇವಕ್ಕೆ ಜಾಗವೇ ಇರುವುದಿಲ್ಲ. ಬಂದಾಗ ಕೈಗೆ ಸಿಗುವುದು ಕಾರ್ಡ್. ಹಾಗಾಗಿ ಸಾಲದಿಂದ ಹೊರಬರಲು ಹೊರಟ ಕುಟುಂಬ ಮೊದಲು ಮಾಡಬೇಕಾದ ಕೆಲಸ ಕಾಫಿ-ತಿಂಡಿಯ ಖರ್ಚಿಗೆ ಕತ್ತರಿ ಹಾಕುವುದಲ್ಲ, ಹನ್ನೆರಡು ತಿಂಗಳ ಬಜೆಟ್ ಬರೆಯುವುದು ಎಂಬುದು ನನ್ನ ವಾದ. ಉಳಿದ ಹೆಜ್ಜೆಗಳು ಅದರ ಮೇಲೆ ನಿಂತರೆ ಮಾತ್ರ ಗಟ್ಟಿಯಾಗಿರುತ್ತವೆ.

ಇದು ಈಗ ಎಷ್ಟೋ ಮನೆಗಳ ಮಾತು. 2024ರ ಫೆಬ್ರುವರಿ ಹೊತ್ತಿಗೆ ದೇಶದಲ್ಲಿ ಚಾಲ್ತಿಯಲ್ಲಿದ್ದ ಕ್ರೆಡಿಟ್ ಕಾರ್ಡುಗಳ ಸಂಖ್ಯೆ ಹತ್ತು ಕೋಟಿ ದಾಟಿತು. 2022ರಲ್ಲಿ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ಅವಕಾಶ ಸಿಕ್ಕ ಮೇಲೆ ಬೇಕರಿ, ದಿನಸಿ ಅಂಗಡಿ, ಮೆಡಿಕಲ್ ಶಾಪ್‌ಗಳ ಕ್ಯೂಆರ್ ಕೋಡಿಗೂ ಸಾಲದ ದುಡ್ಡೇ ಹರಿಯತೊಡಗಿತು. ಮೊಬೈಲ್ ಹಿಡಿದು ಸ್ಕ್ಯಾನ್ ಮಾಡುವಾಗ ಖಾತೆಯಲ್ಲಿರುವ ದುಡ್ಡು ಯಾವುದು, ಬ್ಯಾಂಕಿನ ಸಾಲ ಯಾವುದು ಎಂಬ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ಭದ್ರತೆಯಿಲ್ಲದ ಈ ಬಗೆಯ ಸಾಲ ವೇಗವಾಗಿ ಬೆಳೆಯುತ್ತಿರುವುದನ್ನು ಕಂಡು ರಿಸರ್ವ್ ಬ್ಯಾಂಕ್ 2023ರ ನವೆಂಬರ್ 16ರಂದು, ಬ್ಯಾಂಕುಗಳ ಕ್ರೆಡಿಟ್ ಕಾರ್ಡ್ ಬಾಕಿಯ ಅಪಾಯದ ತೂಕವನ್ನು ಶೇ 125ರಿಂದ ಶೇ 150ಕ್ಕೆ ಏರಿಸಿತು. ಅಂದರೆ ಇಂಥ ಪ್ರತಿ ಸಾಲಕ್ಕೂ ಬ್ಯಾಂಕು ಮೊದಲಿಗಿಂತ ಹೆಚ್ಚು ಬಂಡವಾಳ ಎತ್ತಿಡಬೇಕು. ಸಾಲ ಕೊಡುವವರೇ ಎಚ್ಚರ ವಹಿಸಬೇಕೆಂದು ನಿಯಂತ್ರಕರು ಹೇಳುವಾಗ ಸಾಲ ತೆಗೆದುಕೊಳ್ಳುವವರು ಮೈಮರೆತು ಕೂರುವಂತಿಲ್ಲ.

ಎಚ್ಚರ ಯಾಕೆ ಬೇಕೆಂಬುದು ಬಡ್ಡಿಯ ದರ ನೋಡಿದರೆ ಗೊತ್ತಾಗುತ್ತದೆ. ನಮ್ಮಲ್ಲಿ ಬಹುತೇಕ ಸಾಮಾನ್ಯ ಕಾರ್ಡುಗಳು ಉಳಿದ ಬಾಕಿಗೆ ತಿಂಗಳಿಗೆ ಶೇ 3.5ರಿಂದ 3.75ರವರೆಗೆ ಬಡ್ಡಿ ಹಾಕುತ್ತವೆ. ವರ್ಷಕ್ಕೆ ಅದು ಶೇ 42ರಿಂದ 45. ಆ ಬಡ್ಡಿಯ ಮೇಲೆ ಶೇ 18ರಷ್ಟು ಜಿಎಸ್‌ಟಿ ಬೇರೆ. ವೈಯಕ್ತಿಕ ಸಾಲದ ಬಡ್ಡಿಗೆ, ಗೃಹಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ. ಕಾರ್ಡಿನ ಬಡ್ಡಿಗೆ ಇದೆ. ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದು ಮಾಡಿತು. ಹೀಗಾಗಿ ಆ ಮಿತಿಯ ಆಸರೆ ಈಗಿಲ್ಲ. ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿದಿರುವುದಿಲ್ಲ. ನಲವತ್ತೈದು-ಐವತ್ತು ದಿನ ಬಡ್ಡಿಯಿಲ್ಲ ಎಂಬ ಸವಲತ್ತು ಪೂರ್ತಿ ಬಿಲ್ ಕಟ್ಟಿದವರಿಗೆ ಮಾತ್ರ. ಹಿಂದಿನ ಬಿಲ್ಲಿನಲ್ಲಿ ಸ್ವಲ್ಪ ಬಾಕಿ ಉಳಿದರೂ ಸಾಕು, ಇವತ್ತು ಕೊಂಡ ಹಾಲು-ಬ್ರೆಡ್ಡಿಗೂ ಇವತ್ತಿನಿಂದಲೇ ಬಡ್ಡಿ ಶುರು.

ಕಾರ್ಡಿನ ಬಿಲ್ಲನ್ನು ಒಮ್ಮೆ ಹತ್ತಿರದಿಂದ ನೋಡೋಣ. ಮೇಲ್ಭಾಗದಲ್ಲಿ ಮೂರು ಸಂಗತಿ ದಪ್ಪ ಅಕ್ಷರದಲ್ಲಿರುತ್ತವೆ: ಕಟ್ಟಬೇಕಾದ ಒಟ್ಟು ಮೊತ್ತ, ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಕೊನೆಯ ದಿನಾಂಕ. ಕನಿಷ್ಠ ಮೊತ್ತ ಸಾಮಾನ್ಯವಾಗಿ ಬಾಕಿಯ ಶೇ 5ರ ಆಸುಪಾಸು. ಅದನ್ನಷ್ಟೇ ಕಟ್ಟುತ್ತಾ ಹೋದರೆ ಮರುಪಾವತಿ ತಿಂಗಳು, ವರ್ಷಗಟ್ಟಲೆ ಎಳೆಯುತ್ತದೆ, ಬಡ್ಡಿ ಚಕ್ರಬಡ್ಡಿಯಾಗುತ್ತದೆ ಎಂಬ ಎಚ್ಚರಿಕೆಯನ್ನು ಬಿಲ್ಲಿನಲ್ಲೇ ನಮೂದಿಸಬೇಕೆಂದು ರಿಸರ್ವ್ ಬ್ಯಾಂಕಿನ 2022ರ ಕಾರ್ಡ್ ನಿರ್ದೇಶನ ಹೇಳುತ್ತದೆ. ಎಚ್ಚರಿಕೆ ಇರುತ್ತದೆ, ಸಣ್ಣ ಅಕ್ಷರದಲ್ಲಿ. ಕಣ್ಣು ಹೋಗುವುದು ಕನಿಷ್ಠ ಮೊತ್ತದ ಕಡೆಗೇ. ಬ್ರಿಟನ್ನಿನ ವಾರ್ವಿಕ್ ವಿಶ್ವವಿದ್ಯಾಲಯದ ನೀಲ್ ಸ್ಟೀವರ್ಟ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಕನಿಷ್ಠ ಮೊತ್ತ ನಮೂದಿಸಿದ ಬಿಲ್ ಕಂಡವರು, ಅದಿಲ್ಲದ ಬಿಲ್ ಕಂಡವರಿಗಿಂತ ಗಣನೀಯವಾಗಿ ಕಡಿಮೆ ಕಟ್ಟಲು ಮುಂದಾದರು. ಗ್ರಾಹಕರನ್ನು ಕಾಪಾಡಲೆಂದು ಮುದ್ರಿಸಿದ ಅಂಕಿಯೇ ‘ಇಷ್ಟು ಕಟ್ಟಿದರೆ ಸಾಕು’ ಎಂಬ ಸಮಾಧಾನ ಕೊಟ್ಟುಬಿಡುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಆಟೋ ಪೇ ಇಡುವಾಗಲೂ ‘ಒಟ್ಟು ಮೊತ್ತ’, ‘ಕನಿಷ್ಠ ಮೊತ್ತ’ ಎಂದು ಎರಡು ಆಯ್ಕೆ ಬರುತ್ತವೆ. ಎಷ್ಟೋ ಮನೆಗಳ ಸಾಲದ ಆಯಸ್ಸು ನಿರ್ಧಾರವಾಗುವುದು ಆ ಒಂದು ಗುಂಡಿಯಲ್ಲಿ.

ಲೆಕ್ಕಕ್ಕೆಂದು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನಲ್ಲಿ ಬಾಡಿಗೆ ಮನೆ, ಗಂಡ-ಹೆಂಡತಿ ಇಬ್ಬರೂ ಸೇರಿ ಕೈಗೆ ತರುವ ಸಂಬಳ ತಿಂಗಳಿಗೆ ₹85,000, ಎರಡು ಕಾರ್ಡುಗಳಲ್ಲಿ ಒಟ್ಟು ಬಾಕಿ ₹2,40,000. ತಿಂಗಳಿಗೆ ಶೇ 3.5ರಂತೆ ಬಡ್ಡಿ ₹8,400, ಅದರ ಮೇಲೆ ಜಿಎಸ್‌ಟಿ ₹1,512, ಒಟ್ಟು ₹9,912. ಕನಿಷ್ಠ ಮೊತ್ತವೆಂದು ಅವರು ₹12,000 ಕಟ್ಟುತ್ತಾರೆ. ಹನ್ನೆರಡು ಸಾವಿರ ಕೈಬಿಟ್ಟು ಹೋದರೂ ಅಸಲಿಗೆ ಜಮೆಯಾಗುವುದು ₹2,088 ಮಾತ್ರ. ಬಾಕಿ ಇಳಿದ ಹಾಗೆ ಕನಿಷ್ಠ ಮೊತ್ತವೂ ಇಳಿಯುತ್ತದೆ. ಆದ್ದರಿಂದ ಒಂದು ರೂಪಾಯಿ ಹೊಸ ಖರ್ಚು ಮಾಡದಿದ್ದರೂ ಸಾಲ ಅರ್ಧಕ್ಕೆ ಬರಲು ಐದು ವರ್ಷಕ್ಕಿಂತ ಹೆಚ್ಚು ಬೇಕು. ಇದೇ ಕುಟುಂಬ ಬ್ಯಾಂಕು ಕೇಳುವ ಮೊತ್ತ ಎಷ್ಟೇ ಇಳಿಯಲಿ, ತಾನು ಮಾತ್ರ ₹12,000 ಬಿಡದೆ ಕಟ್ಟುತ್ತೇನೆಂದು ನಿಂತರೆ ಪೂರ್ತಿ ಸಾಲ ಸುಮಾರು ಮೂರೂವರೆ ವರ್ಷದಲ್ಲಿ ತೀರುತ್ತದೆ. ₹16,000 ಕಟ್ಟಿದರೆ ಎರಡು ವರ್ಷ, ₹20,000 ಕಟ್ಟಿದರೆ ಹದಿನೇಳು ತಿಂಗಳು. ಕಟ್ಟುವ ಮೊತ್ತವನ್ನು ಬ್ಯಾಂಕಿನ ಬಿಲ್ಲಿಗೆ ಬಿಡದೆ ತಾವೇ ಗೊತ್ತು ಮಾಡಿಕೊಳ್ಳುವುದರಿಂದ ಆಗುವ ವ್ಯತ್ಯಾಸ ಇಷ್ಟು ದೊಡ್ಡದು.

ಹಾಗಾದರೆ ಈ ಎರಡೂವರೆ ಲಕ್ಷದ ಹತ್ತಿರದ ಹೊರೆ ಬಂದದ್ದು ಎಲ್ಲಿಂದ? ಅವರ ತಿಂಗಳ ಲೆಕ್ಕ ಹೀಗಿದೆ ಎಂದುಕೊಳ್ಳಿ: ಬಾಡಿಗೆ ₹22,000, ದಿನಸಿ-ಹಾಲು-ತರಕಾರಿ-ಗ್ಯಾಸ್ ₹16,000, ಕರೆಂಟು-ನೀರು-ಇಂಟರ್ನೆಟ್-ಮೊಬೈಲ್ ₹5,000, ಓಡಾಟ ₹5,000, ಊರಿಗೆ ಕಳಿಸುವುದು ₹5,000, ಮಗುವಿನ ಶಾಲಾ ವ್ಯಾನ್ ಮತ್ತು ಸಂಜೆಯ ಡೇ ಕೇರ್ ₹5,000, ಫೋನು-ವಾಷಿಂಗ್ ಮೆಷಿನ್ನಿನ ಇಎಂಐ ₹5,000, ಮ್ಯೂಚುವಲ್ ಫಂಡ್ ಎಸ್‌ಐಪಿ ₹5,000. ಒಟ್ಟು ₹68,000. ಹೊರಗಿನ ಊಟ, ಸಿನಿಮಾ, ಬಟ್ಟೆಬರೆಗೆ ₹8,000. ಆದರೂ ಒಂಬತ್ತು ಸಾವಿರ ಉಳಿಯುತ್ತದೆ, ಎಸ್‌ಐಪಿ ಬೇರೆ ನಡೆದಿದೆ. ಕಾಗದದ ಮೇಲೆ ಇದು ಅಚ್ಚುಕಟ್ಟಾದ ಸಂಸಾರ, ಯಾರೂ ದುಂದುಗಾರರೆಂದು ಬೈಯುವ ಹಾಗಿಲ್ಲ. ಈಗ ವರ್ಷದ ಖರ್ಚು ಬರೆಯಿರಿ. ಶಾಲೆಯ ಶುಲ್ಕ ₹60,000, ಪುಸ್ತಕ-ಸಮವಸ್ತ್ರ-ಶೂ ₹12,000, ಆರೋಗ್ಯ ಮತ್ತು ಟರ್ಮ್ ವಿಮೆ ₹28,000, ಗಾಡಿಯ ವಿಮೆ ಮತ್ತು ಸರ್ವಿಸ್ ₹12,000, ಯುಗಾದಿಯಿಂದ ದೀಪಾವಳಿವರೆಗಿನ ಹಬ್ಬಗಳು ₹24,000, ಮದುವೆ-ಗೃಹಪ್ರವೇಶಗಳ ಉಡುಗೊರೆ ಮತ್ತು ಊರಿಗೆ ಹೋಗಿಬರುವುದು ₹24,000, ಡಾಕ್ಟರು, ಹಲ್ಲು, ಮಿಕ್ಸಿ-ಫ್ರಿಜ್ಜಿನ ರಿಪೇರಿ ₹20,000. ಕೂಡಿದರೆ ₹1,80,000, ತಿಂಗಳಿಗೆ ಹಂಚಿದರೆ ₹15,000. ಉಳಿಯುತ್ತದೆ ಎಂದುಕೊಂಡದ್ದು ಒಂಬತ್ತು ಸಾವಿರ, ಬೇಕಾದದ್ದು ಹದಿನೈದು ಸಾವಿರ. ಪ್ರತಿ ತಿಂಗಳೂ ಆರು ಸಾವಿರದ ಕೊರತೆ, ಯಾರ ಕಣ್ಣಿಗೂ ಕಾಣದ ಹಾಗೆ. ಈ ಆರು ಸಾವಿರ ಕಾರ್ಡಿನ ಮೇಲೆ ಕೂಡುತ್ತಾ ಬಡ್ಡಿಯೊಡನೆ ಬೆಳೆದರೆ ಎರಡು ವರ್ಷಕ್ಕೆ ಹೆಚ್ಚುಕಡಿಮೆ ₹2,40,000 ಆಗುತ್ತದೆ. ಅದರಲ್ಲಿ ಅವರು ನಿಜವಾಗಿ ಖರ್ಚು ಮಾಡಿದ್ದು ₹1,44,000. ಮಿಕ್ಕದ್ದು ಬಡ್ಡಿ ಮತ್ತು ತೆರಿಗೆ.

ಇದಕ್ಕೆ ಬರುವ ಮೊದಲ ಆಕ್ಷೇಪಣೆ ನ್ಯಾಯವಾದದ್ದೇ. ಆ ಎಂಟು ಸಾವಿರದ ಹೊರಗಿನ ಊಟ-ಬಟ್ಟೆಬರೆಯನ್ನು ಎರಡು ಸಾವಿರಕ್ಕೆ ಇಳಿಸಿದ್ದರೆ ಕೊರತೆಯೇ ಇರುತ್ತಿರಲಿಲ್ಲವಲ್ಲ? ಕಾರ್ಡ್ ಕೈಯಲ್ಲಿದ್ದಾಗ ಜನ ಹೆಚ್ಚು ಖರ್ಚು ಮಾಡುತ್ತಾರೆ ಎಂಬುದಕ್ಕೆ ಪುರಾವೆಯೂ ಇದೆ. ಅಮೆರಿಕದ ಎಂಐಟಿಯ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ಟಿಗೆ ಹರಾಜು ಕೂಗಿಸಿದರು. ಕಾರ್ಡಿನಲ್ಲಿ ಪಾವತಿಸಬೇಕು ಎಂದು ಹೇಳಿಸಿಕೊಂಡವರು ನಗದು ಕೊಡಬೇಕಾದವರಿಗಿಂತ ಬಹಳ ಹೆಚ್ಚು, ಕೆಲವೆಡೆ ಎರಡು ಪಟ್ಟಿನವರೆಗೆ ಕೂಗಿದರು. ಆದ್ದರಿಂದ ಸಾಲ ತೀರುವವರೆಗೆ ಕಾರ್ಡನ್ನು ಪರ್ಸಿನಿಂದ, ಯುಪಿಐ ಆ್ಯಪ್‌ನಿಂದ, ಶಾಪಿಂಗ್ ತಾಣಗಳಿಂದ ತೆಗೆದುಹಾಕಲೇಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ತಕರಾರು ಬೇರೆ. ಆರು ಸಾವಿರ ಕಡಿಮೆಯಾಗುತ್ತಿದೆ ಎಂದು ಗೊತ್ತಿದ್ದರಲ್ಲವೇ ಆರು ಸಾವಿರ ಉಳಿಸುವುದು? ತಿಂಗಳ ಲೆಕ್ಕ ಒಂಬತ್ತು ಸಾವಿರ ಮಿಗುತ್ತದೆ ಎಂದು ತೋರಿಸುತ್ತಿರುವಾಗ ಯಾರೂ ಹೋಟೆಲ್ ಊಟ ಬಿಡುವುದಿಲ್ಲ, ಬಿಡಬೇಕಾದ ಕಾರಣವೂ ಕಾಣುವುದಿಲ್ಲ. ಎಷ್ಟು ಇಳಿಸಬೇಕು ಎಂಬ ಅಂಕಿ ಕೈಯಲ್ಲಿಲ್ಲದ ಮಿತವ್ಯಯ ಎರಡು ತಿಂಗಳು ಉತ್ಸಾಹದಲ್ಲಿ ನಡೆಯುತ್ತದೆ. ಜೂನ್ ತಿಂಗಳಲ್ಲಿ ಶಾಲೆಯ ಶುಲ್ಕ ಮತ್ತೆ ಕಾರ್ಡಿಗೆ ಬಿದ್ದ ಕೂಡಲೇ ‘ಇಷ್ಟು ಬಿಗಿಹಿಡಿದೂ ಏನು ಪ್ರಯೋಜನ’ ಎಂಬ ನಿರಾಸೆ ಹುಟ್ಟುತ್ತದೆ. ಸೋತದ್ದು ಮನೆಯವರ ಸಂಯಮ ಅಲ್ಲ, ಲೆಕ್ಕದ ಅವಧಿ.

ವರ್ಷದ ಬಜೆಟ್ ಬರೆಯುವುದು ಕಷ್ಟದ ವಿದ್ಯೆಯೇನಲ್ಲ. ಹಿಂದಿನ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಕಾರ್ಡಿನ ಬಿಲ್ಲುಗಳನ್ನು ಇಳಿಸಿಕೊಂಡು, ಪ್ರತಿ ತಿಂಗಳೂ ಬರದ ಖರ್ಚುಗಳಿಗೆ ಮಾತ್ರ ಗುರುತು ಹಾಕುತ್ತಾ ಹೋಗಬೇಕು. ಒಂದು ಕಾಗದದಲ್ಲಿ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ಚೌಕ ಗೀಚಿ ಯಾವುದು ಯಾವ ತಿಂಗಳಿಗೆ ಬೀಳುತ್ತದೆಂದು ತುಂಬಿದರೆ ಸಾಕು. ಹೆಚ್ಚಿನ ಮನೆಗಳಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗಿನ ಚೌಕಗಳು ತುಂಬಿ ತುಳುಕುತ್ತವೆ. ಶಾಲೆಯ ಶುಲ್ಕದ ಮೊದಲ ಕಂತು, ಪುಸ್ತಕ, ಸಮವಸ್ತ್ರ, ಬೇಸಿಗೆ ರಜೆಯ ಪ್ರಯಾಣ, ವೈಶಾಖದ ಮದುವೆಗಳು ಎಲ್ಲ ಅಲ್ಲೇ. ಜುಲೈನಲ್ಲಿ ತುಸು ಉಸಿರು. ಗೌರಿ-ಗಣೇಶದಿಂದ ದೀಪಾವಳಿವರೆಗೆ ಇನ್ನೊಂದು ಏರು. ಬಾಡಿಗೆ ಕರಾರು ಹನ್ನೊಂದು ತಿಂಗಳಿಗೆ ಮುಗಿಯುವುದರಿಂದ ಬಾಡಿಗೆ ಏರುವ ತಿಂಗಳನ್ನೂ ಗುರುತು ಮಾಡಬೇಕು. ಮನೆ ಬದಲಿಸುವುದಾದರೆ ಹೊಸ ಅಡ್ವಾನ್ಸ್, ಸಾಮಾನು ಸಾಗಿಸುವ ಲಾರಿ, ಬಿಟ್ಟ ಮನೆಯ ಬಣ್ಣದ ಖರ್ಚು ಸೇರುತ್ತವೆ. ವಿಮೆಯ ಕಂತು ಯಾವ ತಿಂಗಳಿಗೆ ಬರುತ್ತದೆಂದು ಎಷ್ಟೋ ಜನಕ್ಕೆ ನೆನಪೇ ಇರುವುದಿಲ್ಲ, ಎಸ್‌ಎಂಎಸ್ ಬಂದಾಗ ಬೆಚ್ಚಿಬೀಳುತ್ತಾರೆ. ಹೀಗೆ ತುಂಬಿದ ಹಾಳೆಯ ಮೊತ್ತವನ್ನು ಹನ್ನೆರಡರಿಂದ ಭಾಗಿಸಿದಾಗ ಬರುವ ಅಂಕಿಯೇ ಆ ಮನೆಯ ಹದಿಮೂರನೆಯ ಬಿಲ್. ಬಾಡಿಗೆಯಷ್ಟೇ ಖಚಿತವಾಗಿ ಅದನ್ನು ಪ್ರತಿ ತಿಂಗಳೂ ಕಟ್ಟಬೇಕು, ಬೇರೆಯವರಿಗಲ್ಲ, ತಮ್ಮದೇ ಇನ್ನೊಂದು ಉಳಿತಾಯ ಖಾತೆಗೆ. ಸಂಬಳ ಬಿದ್ದ ಮಾರನೆಯ ದಿನ ತಾನಾಗಿ ವರ್ಗಾವಣೆಯಾಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟು, ಆ ಖಾತೆಯನ್ನು ಯುಪಿಐಗೆ ಜೋಡಿಸದೆ ಇಟ್ಟರೆ ಒಳ್ಳೆಯದು.

ಇಲ್ಲಿ ಗಣಿತ ಬಲ್ಲವರು ತಡೆಯುತ್ತಾರೆ. ಕಾರ್ಡಿಗೆ ಶೇ 42 ಬಡ್ಡಿ ತೆರುತ್ತಿರುವಾಗ ಶೇ 3ರ ಆಸುಪಾಸು ಬಡ್ಡಿ ಸಿಗುವ ಖಾತೆಯಲ್ಲಿ ದುಡ್ಡು ಕೂಡಿಡುವುದು ಮೂರ್ಖತನವಲ್ಲವೇ? ಪ್ರತಿ ರೂಪಾಯಿಯನ್ನೂ ಸಾಲಕ್ಕೇ ಹಾಕಬೇಡವೇ? ಪ್ರಶ್ನೆ ಗಟ್ಟಿಯಾಗಿದೆ, ಬದಿಗೆ ಸರಿಸುವಂಥದ್ದಲ್ಲ. ಆ ಖಾತೆಯಲ್ಲಿ ಸರಾಸರಿ ಮೂವತ್ತು ಸಾವಿರ ನಿಂತಿರುತ್ತದೆ ಎಂದುಕೊಂಡರೆ, ಅದನ್ನು ಸಾಲಕ್ಕೆ ಹಾಕದೆ ಇದ್ದದ್ದಕ್ಕೆ ತಿಂಗಳಿಗೆ ಸುಮಾರು ₹1,240 ಬಡ್ಡಿ ಮತ್ತು ತೆರಿಗೆ ಹೆಚ್ಚಾಗಿ ತೆತ್ತ ಹಾಗಾಗುತ್ತದೆ. ಸಣ್ಣ ಮೊತ್ತವಲ್ಲ. ಆದರೂ ಖಾತೆ ಬೇಕು. ಯಾಕೆಂದರೆ ಎಲ್ಲ ದುಡ್ಡನ್ನೂ ಸಾಲಕ್ಕೆ ಸುರಿದು ಖಾಲಿ ಕೈಯಲ್ಲಿ ಜೂನ್ ಎದುರಿಸಿದ ಕುಟುಂಬ ಮತ್ತೆ ಕಾರ್ಡನ್ನೇ ಉಜ್ಜುತ್ತದೆ. ಬೇರೆ ದಾರಿಯನ್ನು ಅದು ಉಳಿಸಿಕೊಂಡಿರುವುದಿಲ್ಲ. ಹಾಗಾದರೆ ಮಾಡಬೇಕಾದ್ದು ಕೂಡಿಡುವುದನ್ನು ನಿಲ್ಲಿಸುವುದಲ್ಲ, ಶೇ 42ರ ಸಾಲವನ್ನು ಕಡಿಮೆ ಬಡ್ಡಿಯ ಸಾಲಕ್ಕೆ ಬದಲಿಸುವುದು. ಸಾಲ ಶೇ 14ಕ್ಕೆ ಬಂದರೆ ಅದೇ ಮೂವತ್ತು ಸಾವಿರವನ್ನು ಕೈಯಲ್ಲಿ ಇಟ್ಟುಕೊಳ್ಳುವುದಕ್ಕೆ ತೆರುವ ಬೆಲೆ ತಿಂಗಳಿಗೆ ₹350. ಮತ್ತೆ ಕಾರ್ಡಿನ ಬಾಗಿಲಿಗೆ ಹೋಗದಿರಲು ಅದು ಕೊಡಬಹುದಾದ ಬೆಲೆ.

‘ಸಾಲ ತೀರಿಸಲು ಇನ್ನೊಂದು ಸಾಲವೇ?’ ಎಂದು ಹಿರಿಯರು ಹುಬ್ಬೇರಿಸುವುದು ಸಹಜ. ಲೆಕ್ಕ ನೋಡಿ. ₹2,40,000 ಬಾಕಿಯನ್ನು ಕಾರ್ಡಿನಲ್ಲೇ ಬಿಟ್ಟು ಎರಡು ವರ್ಷದಲ್ಲಿ ತೀರಿಸಿದರೆ ಬಡ್ಡಿ ಮತ್ತು ತೆರಿಗೆ ಸುಮಾರು ₹1,44,000. ಶೇ 14ರ ವೈಯಕ್ತಿಕ ಸಾಲ ಪಡೆದು ಕಾರ್ಡ್ ಚುಕ್ತಾ ಮಾಡಿ ಅಷ್ಟೇ ಅವಧಿಯಲ್ಲಿ ತೀರಿಸಿದರೆ ಬಡ್ಡಿ ₹37,000ದ ಒಳಗೆ, ಕಂತು ₹11,500ರಷ್ಟು. ಸಾಲ ಪಡೆಯುವಾಗಿನ ಶುಲ್ಕ ಕಳೆದರೂ ಒಂದು ಲಕ್ಷದ ಹತ್ತಿರ ಉಳಿಯುತ್ತದೆ. ಮನೆಯಲ್ಲಿ ಚಿನ್ನವಿದ್ದರೆ ಬ್ಯಾಂಕಿನಲ್ಲಿ ಅಡವಿಟ್ಟು ಇನ್ನೂ ಕಡಿಮೆ ಬಡ್ಡಿಗೆ ಸಾಲ ಸಿಗಬಹುದು. ಸಾಲಕ್ಕಾಗಿ ಚಿನ್ನ ಅಡವಿಡುವುದು ಮರ್ಯಾದೆಗೇಡು ಎಂಬ ಭಾವನೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಅದೇ ಮನೆಗಳು ಶೇ 42ರ ಬಡ್ಡಿಯನ್ನು ಯಾರಿಗೂ ಕಾಣದ ಹಾಗೆ ತೆರುತ್ತಿರುತ್ತವೆ. ನನ್ನ ಮಟ್ಟಿಗೆ ಬೀರುವಿನಲ್ಲಿ ಮಲಗಿರುವ ಸರ ಸಂಸಾರದ ಕಷ್ಟಕ್ಕಾಗುವುದೇ ಅದರ ಮರ್ಯಾದೆ. ಆದರೆ ಅವಧಿಗೆ ಸರಿಯಾಗಿ ಬಿಡಿಸದಿದ್ದರೆ ಹರಾಜಿಗೆ ಹೋಗುತ್ತದೆ ಎಂಬ ಎಚ್ಚರವಿರಬೇಕು, ಒಡವೆ ಯಾರದೋ ಅವರ ಒಪ್ಪಿಗೆಯೂ ಬೇಕು. ನಿಶ್ಚಿತ ಠೇವಣಿ, ಎಲ್ಐಸಿ ಪಾಲಿಸಿಯ ಮೇಲಿನ ಸಾಲ, ನೌಕರರ ಪತ್ತಿನ ಸಹಕಾರ ಸಂಘದ ಸಾಲ ಇವನ್ನೂ ವಿಚಾರಿಸಬಹುದು. ಇದಾವುದೂ ಇಲ್ಲದವರು ಕಾರ್ಡ್ ಕೊಟ್ಟ ಬ್ಯಾಂಕನ್ನೇ ಬಾಕಿಯನ್ನು ಇಎಂಐ ಮಾಡಿಕೊಡಿ ಎಂದು ಕೇಳಬೇಕು. ಬಡ್ಡಿಯ ಮೇಲಿನ ಜಿಎಸ್‌ಟಿ ತಪ್ಪದಿದ್ದರೂ ದರ ಸಾಮಾನ್ಯವಾಗಿ ಸಾಕಷ್ಟು ಇಳಿಯುತ್ತದೆ. ದಾಖಲೆ ಕೇಳದೆ ನಿಮಿಷದಲ್ಲಿ ದುಡ್ಡು ಕೊಡುವ ಹೆಸರಿಲ್ಲದ ಆ್ಯಪ್‌ಗಳ ಕಡೆ ಮಾತ್ರ ತಲೆಯೂ ಹಾಕಬಾರದು.

ಹಿರಿಯರ ಅನುಮಾನದಲ್ಲಿ ಒಂದು ಸತ್ಯವಿದೆ, ಅದನ್ನು ಒಪ್ಪಲೇಬೇಕು. ವೈಯಕ್ತಿಕ ಸಾಲ ಬಂದ ದಿನ ಕಾರ್ಡಿನ ಬಾಕಿ ಸೊನ್ನೆಯಾಗುತ್ತದೆ, ಮಿತಿ ಪೂರ್ತಿ ತೆರೆದುಕೊಳ್ಳುತ್ತದೆ, ಸಾಲ ತೀರಿತೆಂಬ ನಿರಾಳ ಬರುತ್ತದೆ. ವರ್ಷದ ಬಜೆಟ್ ಇಲ್ಲದಿದ್ದರೆ ಅದೇ ಆರು ಸಾವಿರದ ಕೊರತೆ ಮತ್ತೆ ಕಾರ್ಡಿಗೆ ಸೇರತೊಡಗಿ, ಎರಡು ವರ್ಷದ ಮೇಲೆ ವೈಯಕ್ತಿಕ ಸಾಲದ ಕಂತು ಒಂದು ಕಡೆ, ಹೊಸ ಕಾರ್ಡ್ ಸಾಲ ಇನ್ನೊಂದು ಕಡೆ ಎಂಬ ಸ್ಥಿತಿ ಬರುತ್ತದೆ. ಅದಕ್ಕೇ ಮೊದಲು ಹಾಳೆ, ಆಮೇಲೆ ಸಾಲದ ಬದಲಾವಣೆ. ಎರಡು ಕಾರ್ಡಿದ್ದರೆ ಒಂದನ್ನು ಮುಚ್ಚಿಸಿ. ಬಾಕಿಯಿಲ್ಲದ ಕಾರ್ಡನ್ನು ಮುಚ್ಚಲು ಕೋರಿದ ಏಳು ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ ದಿನಕ್ಕೆ ₹500 ದಂಡವನ್ನು ಬ್ಯಾಂಕು ಗ್ರಾಹಕರಿಗೆ ಕೊಡಬೇಕು ಎಂದು 2022ರ ನಿರ್ದೇಶನದಲ್ಲೇ ಇದೆ. ಉಳಿದ ಕಾರ್ಡಿನ ಮಿತಿಯನ್ನು ಇಳಿಸಲು ಹೇಳಿ. ಗ್ರಾಹಕರ ಸ್ಪಷ್ಟ ಒಪ್ಪಿಗೆಯಿಲ್ಲದೆ ಮಿತಿ ಏರಿಸುವಂತಿಲ್ಲ, ಆದ್ದರಿಂದ ‘ನಿಮ್ಮ ಮಿತಿ ಹೆಚ್ಚಿಸಬಹುದು’ ಎಂಬ ಕರೆಗೆ ಬೇಡವೆಂದರೆ ಮುಗಿಯಿತು. ರಿವಾರ್ಡ್ ಪಾಯಿಂಟುಗಳ ಲಾಭದ ಮಾತು ಪೂರ್ತಿ ಬಿಲ್ ಕಟ್ಟುವವರಿಗೆ ಸರಿ. ಬಾಕಿ ಉಳಿಸಿಕೊಳ್ಳುವವರಿಗೆ ಒಂದು ತಿಂಗಳ ಬಡ್ಡಿಯೇ ವರ್ಷದ ಪಾಯಿಂಟುಗಳನ್ನು ನುಂಗಿಹಾಕಬಲ್ಲದು.

ಈಗ ನಮ್ಮ ಕುಟುಂಬದ ಹಾಳೆಗೆ ಮರಳಿದರೆ, ಎಸ್‌ಐಪಿಯನ್ನು ತಾತ್ಕಾಲಿಕವಾಗಿ ನಿಲ್ಲಿಸುವುದು ಮೊದಲ ನಿರ್ಧಾರ. ದೀರ್ಘಾವಧಿಯ ಹೂಡಿಕೆ ನಿಲ್ಲಿಸಬಾರದೆಂಬ ಪಾಠವನ್ನು ಯುವಜನ ಚೆನ್ನಾಗಿ ಕಲಿತಿದ್ದಾರೆ, ಅದು ಒಳ್ಳೆಯದೇ. ಆದರೆ ಷೇರುಪೇಟೆ ಕೊಡಬಹುದಾದ ಲಾಭ ಅನಿಶ್ಚಿತ, ಸಾಲದ ಬಡ್ಡಿ ನಿಶ್ಚಿತ. ಒಂದು ಕೈಯಲ್ಲಿ ಶೇ 42ಕ್ಕೆ ಸಾಲ ಎತ್ತಿ ಇನ್ನೊಂದು ಕೈಯಲ್ಲಿ ಎಸ್‌ಐಪಿ ಕಟ್ಟುವುದು ಉಳಿತಾಯವಲ್ಲ. ವಿಮೆಯನ್ನು ಮಾತ್ರ ಮುಟ್ಟಬಾರದು. ಆರೋಗ್ಯ ವಿಮೆ ನಿಲ್ಲಿಸಿದ ವರ್ಷವೇ ಒಂದು ಆಸ್ಪತ್ರೆ ಬಿಲ್ ಬಂದರೆ ಎಲ್ಲ ಲೆಕ್ಕವೂ ತಲೆಕೆಳಗಾಗುತ್ತದೆ. ಎಸ್‌ಐಪಿಯ ಐದು ಸಾವಿರ, ಅಡುಗೆಮನೆ-ಮೊಬೈಲ್-ಓಟಿಟಿಯಲ್ಲಿ ಎರಡು ಸಾವಿರ ಇಳಿದರೆ ಮಾಮೂಲು ಖರ್ಚು ₹61,000ಕ್ಕೆ ಬರುತ್ತದೆ. ಹೊರಗಿನ ಊಟ-ಬಟ್ಟೆಗೆ ₹2,500. ಹಬ್ಬ, ಉಡುಗೊರೆ, ಪ್ರಯಾಣ, ರಿಪೇರಿಗಳಲ್ಲಿ ವರ್ಷಕ್ಕೆ ₹24,000 ಕಡಿಮೆ ಮಾಡಿದರೆ ವರ್ಷದ ಖಾತೆಗೆ ತಿಂಗಳಿಗೆ ₹13,000. ಒಟ್ಟು ₹76,500. ಮಿಗುವುದು ₹8,500. ಶೇ 14ರಂತೆ ಮೂರು ವರ್ಷದ ವೈಯಕ್ತಿಕ ಸಾಲದ ಕಂತು ಸುಮಾರು ₹8,200. ಬಿಗಿಯಾಗಿದೆ, ಆದರೆ ಕೂರುತ್ತದೆ. ಫೋನು-ವಾಷಿಂಗ್ ಮೆಷಿನ್ನಿನ ಇಎಂಐ ಎಂಟು ತಿಂಗಳಿಗೆ ಮುಗಿದು ಆ ಐದು ಸಾವಿರವೂ ಸಾಲಕ್ಕೆ ಸೇರಿದರೆ ಒಟ್ಟು ಎರಡು ವರ್ಷದ ಆಸುಪಾಸಿಗೆ ಸಾಲ ಮುಗಿಯುತ್ತದೆ. ಅವಧಿಗೆ ಮೊದಲೇ ಭಾಗಶಃ ಕಟ್ಟಲು ಅವಕಾಶವಿದೆಯೇ, ಅದಕ್ಕೆ ಶುಲ್ಕವೆಷ್ಟು ಎಂದು ಸಾಲಕ್ಕೆ ಸಹಿ ಹಾಕುವ ಮೊದಲೇ ಕೇಳಿಕೊಳ್ಳಬೇಕು.

ಸಂಬಳವೇ ಸಾಲದವರಿಗೆ ಇದೆಲ್ಲ ಏನು ಪ್ರಯೋಜನ ಎಂಬ ಪ್ರಶ್ನೆ ಕೊನೆಗೂ ಉಳಿಯುತ್ತದೆ, ಇದಕ್ಕೆ ಸುಲಭದ ಉತ್ತರವಿಲ್ಲ. ಮಾಮೂಲು ಖರ್ಚೇ ಸಂಬಳವನ್ನು ಮೀರಿದ್ದರೆ ಯಾವ ಹಾಳೆಯೂ ದುಡ್ಡು ಹುಟ್ಟಿಸುವುದಿಲ್ಲ. ಆದರೆ ಎಷ್ಟು ಸಾಲದು ಎಂಬುದನ್ನು ಅದು ಖಚಿತವಾಗಿ ಹೇಳುತ್ತದೆ. ತಿಂಗಳಿಗೆ ನಾಲ್ಕು ಸಾವಿರ ಕಡಿಮೆ ಬೀಳುವ ಮನೆ ಕಡಿಮೆ ಬಾಡಿಗೆಯ ಬಡಾವಣೆಗೆ ಹೋಗುವುದೋ, ಮಗುವಿನ ಶಾಲೆ ಬದಲಿಸುವುದೋ, ಒಂದಷ್ಟು ಕಾಲ ಊರಿನವರ ನೆರವು ಕೇಳುವುದೋ ಎಂದು ಯೋಚಿಸಬಹುದು. ಎಷ್ಟೆಂದೇ ತಿಳಿಯದ ಮನೆ ಆ ನಾಲ್ಕು ಸಾವಿರವನ್ನು ಕಾರ್ಡಿನಿಂದ ತೆಗೆದು ತಿಂಗಳ ಕೊನೆಯವರೆಗೆ ಸಾಗುತ್ತದೆ ಅಷ್ಟೇ. ತಡಮಾಡಿದಷ್ಟೂ ಬಾಗಿಲುಗಳು ಮುಚ್ಚುತ್ತವೆ ಎಂಬುದೂ ನೆನಪಿರಲಿ. ಕನಿಷ್ಠ ಮೊತ್ತವನ್ನಾದರೂ ಸಮಯಕ್ಕೆ ಕಟ್ಟುತ್ತಿರುವವರಿಗೆ ಕ್ರೆಡಿಟ್ ಸ್ಕೋರ್ ಅಷ್ಟಾಗಿ ಬಿದ್ದಿರುವುದಿಲ್ಲ, ಕಡಿಮೆ ಬಡ್ಡಿಯ ಸಾಲ ಸಿಗುವ ಸಾಧ್ಯತೆ ಇರುತ್ತದೆ. ಕಂತು ತಪ್ಪತೊಡಗಿದ ಮೇಲೆ ಆ ದಾರಿ ಕಷ್ಟ. ಆಗ ಅರ್ಧಕ್ಕೆ ರಾಜಿ ಮಾಡಿಕೊಡುತ್ತೇವೆ ಎಂಬ ಕರೆಗಳು ಬರುತ್ತವೆ. ಹಾಗೆ ರಾಜಿಯಾದ ಖಾತೆ ಕ್ರೆಡಿಟ್ ವರದಿಯಲ್ಲಿ ‘ಸೆಟಲ್ಡ್’ ಎಂದೇ ದಾಖಲಾಗಿ, ಮುಂದೆ ಗೃಹಸಾಲಕ್ಕೆ ಹೋದಾಗ ಅಡ್ಡಬರುತ್ತದೆ. ಸಾಲದ ಸ್ವರೂಪ ಬದಲಿಸಲು ಆಗದವರಿಗೆ ಅಮೆರಿಕದ ಕೆಲಾಗ್ ಸ್ಕೂಲ್‌ನ ಸಂಶೋಧಕರಾದ ಡೇವಿಡ್ ಗಾಲ್ ಮತ್ತು ಬ್ಲೇಕ್ ಮೆಕ್‌ಶೇನ್ 2012ರಲ್ಲಿ ಕಂಡುಕೊಂಡ ಸಂಗತಿ ನೆರವಾಗಬಹುದು. ಒಂದೊಂದಾಗಿ ಸಾಲದ ಖಾತೆಗಳನ್ನು ಪೂರ್ತಿ ಮುಚ್ಚುತ್ತಾ ಹೋದವರು ಕೊನೆಗೆ ಎಲ್ಲ ಸಾಲದಿಂದ ಹೊರಬರುವ ಸಾಧ್ಯತೆ ಹೆಚ್ಚಿತ್ತು. ಬಡ್ಡಿ ಹೆಚ್ಚಿರುವುದನ್ನು ಮೊದಲು ತೀರಿಸುವುದು ಗಣಿತಕ್ಕೆ ಸರಿ. ಎರಡೂ ಕಾರ್ಡಿನ ದರ ಹೆಚ್ಚುಕಡಿಮೆ ಒಂದೇ ಇರುವಾಗ ಚಿಕ್ಕ ಬಾಕಿಯನ್ನು ಮೊದಲು ಮುಗಿಸುವುದರಲ್ಲಿ ನಷ್ಟವಿಲ್ಲ, ಧೈರ್ಯ ಬರುತ್ತದೆ.

ಧೈರ್ಯದ ಮಾತೇಕೆಂದರೆ, ಈ ಸಾಲದಲ್ಲಿ ಎಷ್ಟೋ ಭಾಗ ಗಂಡ ಹೆಂಡತಿಗೆ ಹೇಳಿರುವುದಿಲ್ಲ, ಹೆಂಡತಿ ಗಂಡನಿಗೆ ಹೇಳಿರುವುದಿಲ್ಲ. ಒಬ್ಬರ ಮೊಬೈಲಿನಲ್ಲಿ ಮಾತ್ರ ಬರುವ ಬಿಲ್ಲನ್ನು ಇಬ್ಬರ ಬಜೆಟ್ ತೀರಿಸಲಾರದು. ವಸೂಲಿಯವರ ಕರೆಗೆ ಹೆದರಿ ಬಚ್ಚಿಡುವವರೂ ಇದ್ದಾರೆ. ಬೆಳಿಗ್ಗೆ 8 ಗಂಟೆಗೆ ಮೊದಲು, ಸಂಜೆ 7ರ ನಂತರ ಸಾಲ ವಸೂಲಿಗೆ ಕರೆ ಮಾಡುವಂತಿಲ್ಲ, ಮನೆಯವರನ್ನು, ಸ್ನೇಹಿತರನ್ನು ಪೀಡಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲೇ ಬ್ಯಾಂಕುಗಳಿಗೆ ತಾಕೀತು ಮಾಡಿದೆ. ದೂರನ್ನು ಮೊದಲು ಬ್ಯಾಂಕಿಗೇ ಬರಹದಲ್ಲಿ ಕೊಡಬೇಕು. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಇವೆಲ್ಲ ತಿಳಿದಿರಲಿ, ಆದರೆ ಅಲ್ಲಿಯವರೆಗೂ ಕಾಯಬೇಡಿ. ಈ ಭಾನುವಾರ ಇಬ್ಬರೂ ಕೂತು ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ, ವರ್ಷದ ಹಾಳೆ ತುಂಬಿ, ತಿಂಗಳಿಗೆ ಸಾಲಕ್ಕೆ ಎಷ್ಟು ಕಟ್ಟಬಲ್ಲಿರೆಂಬ ಮೊತ್ತ ಗೊತ್ತು ಮಾಡಿ. ಸೋಮವಾರ ಬ್ಯಾಂಕಿಗೆ ಹೋಗಿ ಬಾಕಿಯನ್ನು ಕಡಿಮೆ ಬಡ್ಡಿಯ ಸಾಲಕ್ಕೆ ಬದಲಿಸುವ ಬಗ್ಗೆ ವಿಚಾರಿಸಿ.